ಮೋಟಾರಿನ ಫಲಕದಲ್ಲಿ ದೋಷಶೋಧನ

ಹಳೆಯ ಫ್ಯಾನಿಗೆ 75 ವ್ಯಾಟ್ ಬೇಕಾದಲ್ಲಿ ಬಿಎಲ್‌ಡಿಸಿ ಫ್ಯಾನು ಸುಮಾರು 30 ವ್ಯಾಟಿನಲ್ಲಿ ತಿರುಗುವುದನ್ನು ವಾಚಕರು ಬಲ್ಲರಷ್ಟೆ. ಅದರೊಳಗಿನ ಫಲಕದಲ್ಲಿ ಮೈಕ್ರೋಕಂಟ್ರೋಲರೆಂಬ ಚಿಪ್ಪೊಂದು ಆರು ಟ್ರಾನ್ಸಿಸ್ಟರುಗಳನ್ನು, ಕೆರೆಯ ತೂಬುಗಳಂತೆ, ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುತ್ತಿರುವುದು. ಇಂತಹ ಫಲಕವನ್ನು ತಾವೇ ರಚಿಸುವ ತರುಣರಿಗೆ ಪ್ರೋಗ್ರಾಮು ಬರೆಯುವುದಕ್ಕಿಂತ ಅದರ ತಪ್ಪನ್ನು ಹುಡುಕುವುದೇ ಕಷ್ಟತರವು. ಇದಕ್ಕೆ ಡಿಬಗ್ಗಿಂಗ್, ಎಂದರೆ ಹುಳ ತೆಗೆಯುವಿಕೆ, ಎಂದು ಹೆಸರು. ದೋಷಶೋಧನವೆಂಬುದೇ ನಮಗೆ ಹೆಚ್ಚು ಒಪ್ಪುವುದು.

ಲೆಕ್ಕಪತ್ರದ ಪ್ರೋಗ್ರಾಮನ್ನು ಸಂಶಯ ಬಂದೆಡೆ ನಿಲ್ಲಿಸಿ ಸಾಲುಸಾಲಾಗಿ ಪರೀಕ್ಷಿಸಬಹುದು. ಚಿಪ್ಪನ್ನೂ ಎರಡು ತಂತಿಗಳ ಮೂಲಕ ಹಾಗೆಯೇ ತಡೆದು ನಿಲ್ಲಿಸಲು ಬರುವುದು. ಆದರೆ ಮೋಟಾರು ತಿರುಗುತ್ತಿರುವಾಗ ನಿಲ್ಲಿಸಿದರೆ, ತೆರೆದಿದ್ದ ತೂಬು ತೆರೆದೇ ಉಳಿಯಬಹುದು. ಮೋಟಾರಿನ ಸುರುಳಿಯ ತಡೆ ಅತ್ಯಲ್ಪವಾದ್ದರಿಂದ ಪ್ರವಾಹವು ಏರುತ್ತ ಹೋಗಿ, ಕಣ್ಣು ಮಿಟುಕಿಸುವುದರೊಳಗಾಗಿ ಟ್ರಾನ್ಸಿಸ್ಟರು ಸುಟ್ಟುಹೋದೀತು. ಓಡುವವನ ನಾಡಿಯನ್ನು ಜೊತೆಯಲ್ಲಿ ಓಡುತ್ತಲೇ ನೋಡಬೇಕಾದ ವೈದ್ಯನ ಪಾಡಿದು!

ಆದುದರಿಂದ ಬಲ್ಲವರು ಮೊದಲು ಮೋಟಾರನ್ನು ಕಳಚಿ, ಪ್ರವಾಹಕ್ಕೆ ಮಿತಿಯಿಟ್ಟ ವಿದ್ಯುತ್ತನ್ನು ಕೊಟ್ಟು, ಆಸಿಲೋಸ್ಕೋಪಿನಲ್ಲಿ ಅಲೆಗಳನ್ನು ನೋಡುವರು. ಮೇಲುಕೆಳಗಿನ ಜೋಡಿ ತೂಬುಗಳೆರಡೂ ಏಕಕಾಲಕ್ಕೆ ತೆರೆದರೆ ನೇರ ಷಾರ್ಟ್ ಸರ್ಕಿಟ್ಟೇ. ಒಂದು ಮುಚ್ಚಿ ಇನ್ನೊಂದು ತೆರೆಯುವ ನಡುವೆ ಮೈಕ್ರೋಸೆಕೆಂಡಿನ ಆಸುಪಾಸಿನ ವಿರಾಮವಿದೆಯೇ ಎಂಬುದನ್ನು ಅಲ್ಲಿಯೇ ನಿಶ್ಚಯಿಸಿಕೊಳ್ಳುವರು. ಅನಂತರ ಮೋಟಾರನ್ನು ಜೋಡಿಸಿ, ಚಿಪ್ಪನ್ನು ನಿಲ್ಲಿಸದೆ, ಪ್ರವಾಹದ ಅಳತೆಗಳನ್ನು ಅದರ ಸ್ಮೃತಿಯಲ್ಲಿಯೇ ಬರೆಯಿಸಿಟ್ಟು, ಮೋಟಾರು ನಿಂತ ಮೇಲೆ ಓದಿಕೊಳ್ಳುವರು.