ಬಯಕೆ ಅರಸುವ ಬಿಂಬ

ಆಲ್‌ಫ್ರೆಡ್ ಹಿಚ್‌ಕಾಕರ ‘ವರ್ಟಿಗೊ’ (1958) ಚಿತ್ರದ ನಾಯಕ ಸ್ಕಾಟಿ, ತಾನೊಲಿದ ಮ್ಯಾಡಲೀನ್ ಸತ್ತಳೆಂದು ಕೊರಗುತ್ತಾನೆ. ಅವಳನ್ನೇ ಹೋಲುವ ಜೂಡಿ ಎದುರಾದಾಗ, ಆಕೆಯ ಒಲವಷ್ಟೇ ಅವನಿಗೆ ಸಾಲದು. ಬೂದುಬಣ್ಣದ ಉಡುಪು, ಹೊಂಬಣ್ಣದ ಕೂದಲು, ತುರುಬಿನ ಸುತ್ತು, ಎಲ್ಲವೂ ಸತ್ತವಳಂತೆಯೇ ಆಗಬೇಕು!

ಇದೇಕೆ ಹೀಗೆ? ಪ್ರೀತಿಯ ಅರಸಾಟದಲ್ಲಿ ಹಿಂದೆಂದೋ ಕಳೆದುಕೊಂಡುದರ ಅರಸಾಟವೇ ಅಡಗಿದೆಯೆಂಬ ವಿಚಾರವನ್ನು ಮನೋವಿಶ್ಲೇಷಣೆಯ ಪ್ರವರ್ತಕ ಫ್ರಾಯ್ಡ್ 1905ರಲ್ಲಿ ಮಂಡಿಸಿದರು. ಫ್ರಾನ್ಸಿನ ಲಕಾನ್ ಇನ್ನೂ ಮುಂದೆ ಹೋದರು: ಬಯಕೆಯ ಬೇರು ಕೊರತೆಯಲ್ಲಿದೆ, ಯಾವ ವಸ್ತುವೂ ಅದನ್ನು ಪೂರ್ತಿ ತುಂಬಲಾರದು.

ಸ್ಕಾಟಿ ಕಂಡ ಮ್ಯಾಡಲೀನ್, ಜೂಡಿಯೇ ಪರರ ಸಂಚಿಗಾಗಿ ಹಾಕಿದ್ದ ವೇಷ. ಇಲ್ಲದ ಹೆಣ್ಣನ್ನು ಮರಳಿ ಪಡೆಯುವ ಹಟದಲ್ಲಿ, ತನ್ನನ್ನು ನಿಜವಾಗಿ ಪ್ರೀತಿಸಿದ ಹೆಣ್ಣನ್ನು ಅವನು ಕಾಣಲೇ ಇಲ್ಲ. ಗಂಟೆಗೋಪುರದಿಂದ ಬಿದ್ದು ಪ್ರಾಣ ತೆತ್ತವಳು ಬಿಂಬವಲ್ಲ, ಜೂಡಿ.