ಗಣಕದ ವೇಗ ಮತ್ತು ತಾಪ

ಗಣಕಯಂತ್ರದ ಪ್ರೊಸೆಸರನ್ನು ತಯಾರಕರು ಗೊತ್ತುಪಡಿಸಿದ ವೇಗವನ್ನು ಮೀರಿ ದುಡಿಸುವುದಕ್ಕೆ ‘ಓವರ್‌ಕ್ಲಾಕಿಂಗ್’ ಎಂದು ಹೆಸರು. 1998ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ ಸೆಲೆರಾನ್ 300ಎ ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಮದರ್‌ಬೋರ್ಡಿನ ಮಿಡಿತವನ್ನು ಒಂದು ಗುಣಕದಿಂದ ಗುಣಿಸಿದರೆ ಪ್ರೊಸೆಸರಿನ ವೇಗ ದೊರೆಯುತ್ತದೆ. ಇಲ್ಲಿ ಮಿಡಿತ ಸುಮಾರು 66 ಮೆಗಾಹರ್ಟ್ಸ್, ಗುಣಕ ನಾಲ್ಕೂವರೆ. ಮಿಡಿತವನ್ನು 100ಕ್ಕೆ ಏರಿಸಿದಾಗ 300ರ ಚಿಪ್ಪುಗಳು ಅನೇಕವು 450 ಮೆಗಾಹರ್ಟ್ಸ್‌ನಲ್ಲಿ ನಡೆದವು.

ಆದರೆ ಈ ವೇಗ ಪುಕ್ಕಟೆಯಲ್ಲ. ಚಿಪ್ಪು ವ್ಯಯಿಸುವ ವಿದ್ಯುತ್ತು ವೇಗಕ್ಕೆ ತಕ್ಕಂತೆಯೂ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗವನ್ನು ಶೇಕಡ 20, ವೋಲ್ಟೇಜನ್ನು ಶೇಕಡ 10 ಹೆಚ್ಚಿಸಿದರೆ ಶಾಖವು ಸುಮಾರು ಶೇಕಡ 45ರಷ್ಟು ಹೆಚ್ಚುತ್ತದೆ. ಅದನ್ನು ಹೊರಸಾಗಿಸದೆ ವೇಗವನ್ನು ಬಯಸುವುದು ಗವಾಕ್ಷಿಯಿಲ್ಲದ ಅಡುಗೆಮನೆಯಲ್ಲಿ ಒಲೆಯ ಉರಿಯನ್ನು ಹೆಚ್ಚಿಸಿದಂತೆ. ಚಿಪ್ಪಿಗೂ ಅದರ ಮೇಲಿನ ಲೋಹದ ಹೀಟ್‌ಸಿಂಕಿಗೂ ನಡುವೆ ಉಷ್ಣವಾಹಕ ಲೇಪವು ತೆಳುವಾಗಿ, ಸಮನಾಗಿ ಹರಡಿರಬೇಕು. ಫ್ಯಾನು ಧೂಳಿಲ್ಲದೆ ತಿರುಗಬೇಕು. ಪೆಟ್ಟಿಗೆಯೊಳಗೆ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಬೇಕು. ಕೋಣೆಯೇ 40 ಡಿಗ್ರಿಯಿದ್ದರೆ ಯಾವ ಫ್ಯಾನೂ ಚಿಪ್ಪನ್ನು ಅದಕ್ಕಿಂತ ತಣ್ಣಗಿಡಲಾರದು.

ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ, ಪ್ರತಿ ಮೆಟ್ಟಿಲಿನಲ್ಲಿಯೂ ಗಂಟೆಗಟ್ಟಲೆ ಭಾರವಾದ ಕೆಲಸ ಕೊಟ್ಟು ತಾಪವನ್ನು ಗಮನಿಸಬೇಕು. ಯಂತ್ರ ಸ್ತಬ್ಧವಾದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಯಂತ್ರ ನಿಂತರೆ ನಮಗೆ ತಿಳಿಯುತ್ತದೆ. ನಿಲ್ಲದೆ ತಪ್ಪು ಲೆಕ್ಕವನ್ನು ಕಡತದಲ್ಲಿ ಬರೆದಿಟ್ಟರೆ ತಿಳಿಯುವುದಿಲ್ಲ. ಹಲವು ವರ್ಷಗಳ ಬರಹವನ್ನು ಗಣಕದಲ್ಲಿಟ್ಟಿರುವ ನನ್ನಂಥವನಿಗೆ ಇದೇ ನಿಜವಾದ ಭಯ. ಆದುದರಿಂದ ಪ್ರಯೋಗಕ್ಕೆ ಮುನ್ನ ಕಡತಗಳ ನಕಲನ್ನು ಬೇರೆಡೆ ತೆಗೆದಿರಿಸುವುದು ಅವಶ್ಯವೆಂದು ನಾನು ಹೇಳುತ್ತೇನೆ.