ಲ್ಯಾಂಡಿಂಗ್ ಪುಟದ ಅನುಭವ

ಅಂತರಜಾಲದ ಜಾಹೀರಾತನ್ನು ಒತ್ತಿದ ವ್ಯಕ್ತಿ ಮೊದಲು ತಲುಪುವ ಜಾಲಪುಟವನ್ನು ಲ್ಯಾಂಡಿಂಗ್ ಪುಟ ಎನ್ನುತ್ತಾರೆ. ಆ ಪುಟ ತೆರೆದುಕೊಳ್ಳುವ ವೇಗ, ಅದರ ಸ್ಪಷ್ಟತೆ ಮತ್ತು ವಿಶ್ವಾಸಾರ್ಹತೆಗಳನ್ನು ಒಟ್ಟಾಗಿ ಲ್ಯಾಂಡಿಂಗ್ ಪುಟದ ಅನುಭವವೆಂದು ಕರೆಯಲಾಗುತ್ತದೆ. ಈ ಅನುಭವ ಕಳಪೆಯಾಗಿದ್ದರೆ ಉತ್ತಮ ಜಾಹೀರಾತೂ ನಿಷ್ಫಲವಾಗುತ್ತದೆ.

ವೆಚ್ಚದ ಲೆಕ್ಕ

ಹುಡುಕಾಟದ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಪ್ರತಿ ಕ್ಲಿಕ್‌ಗೆ ಶುಲ್ಕ ವಿಧಿಸಲಾಗುತ್ತದೆ. ಪುಟ ತೆರೆಯುವ ಮುನ್ನವೇ ಗ್ರಾಹಕ ಹಿಂದಿರುಗಿದರೂ ಜಾಹೀರಾತುದಾರ ಹಣ ತೆರಬೇಕು. ಕ್ಲಿಕ್ಕೊಂದಕ್ಕೆ 10 ರೂಪಾಯಿಯಂತೆ 100 ಕ್ಲಿಕ್‌ಗಳಿಗೆ 1,000 ರೂಪಾಯಿ ವೆಚ್ಚವಾಯಿತೆಂದು ಭಾವಿಸಿದರೆ, ಅವರಲ್ಲಿ ಅರ್ಧದಷ್ಟು ಜನ ಪುಟವನ್ನು ನೋಡದೆ ಹೋದಾಗ ನಿಜವಾದ ಭೇಟಿಯೊಂದರ ವೆಚ್ಚ 20 ರೂಪಾಯಿಯಾಗುತ್ತದೆ. ಕ್ಲಿಕ್‌ಗಳ ಸಂಖ್ಯೆಯನ್ನು ಮಾತ್ರ ನೋಡುವವರಿಗೆ ಈ ನಷ್ಟ ಕಾಣುವುದಿಲ್ಲ.

ಗೂಗಲ್ ಆಡ್ಸ್ ತೋರಿಸುವ 1ರಿಂದ 10ರವರೆಗಿನ ಗುಣಮಟ್ಟದ ಅಂಕಕ್ಕೆ ಮೂರು ಆಧಾರಗಳಿವೆ: ನಿರೀಕ್ಷಿತ ಕ್ಲಿಕ್ ಪ್ರಮಾಣ, ಜಾಹೀರಾತಿನ ಪ್ರಸ್ತುತತೆ ಮತ್ತು ಲ್ಯಾಂಡಿಂಗ್ ಪುಟದ ಅನುಭವ. ಜಾಹೀರಾತಿನ ಹರಾಜಿನಲ್ಲಿ ಬಿಡ್ ಮೊತ್ತದೊಂದಿಗೆ ಗುಣಮಟ್ಟವನ್ನೂ ಪರಿಗಣಿಸುವುದರಿಂದ, ಕಳಪೆ ಪುಟವುಳ್ಳವರು ಅದೇ ಸ್ಥಾನಕ್ಕೆ ಹೆಚ್ಚು ಹಣ ತೆರಬೇಕಾಗಬಹುದು.

ಕಿರಿಕಿರಿಯ ಕಾರಣಗಳು

ಭಾರವಾದ ಚಿತ್ರಗಳು, ಓದುವಾಗ ಜಿಗಿಯುವ ಸಾಲುಗಳು, ಪರದೆ ಮುಚ್ಚುವ ಕಿಟಕಿಗಳು, ಅನಗತ್ಯವಾದ ನೋಂದಣಿ ಹಾಗೂ ಜಾಹೀರಾತಿನಲ್ಲಿ ಹೇಳಿದ್ದು ಪುಟದಲ್ಲಿ ಸಿಗದಿರುವುದು ಮುಖ್ಯ ಕಾರಣಗಳು. ಗೂಗಲ್‌ನ ಮಾನದಂಡದಂತೆ ಪುಟದ ಪ್ರಮುಖ ಭಾಗ 2.5 ಸೆಕೆಂಡುಗಳೊಳಗೆ ಕಾಣಿಸಬೇಕು. ಸ್ಪರ್ಶಕ್ಕೆ ಪ್ರತಿಕ್ರಿಯೆ 200 ಮಿಲಿಸೆಕೆಂಡುಗಳೊಳಗೆ ದೊರೆಯಬೇಕು.

ಕೊನೆಯ ಹಂತದಲ್ಲಿ ಶುಲ್ಕ ಸೇರಿಸುವುದು, ಸುಳ್ಳು ತುರ್ತು ಸೃಷ್ಟಿಸುವುದು ಮೊದಲಾದವು ಕೇವಲ ಕಿರಿಕಿರಿಯಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿಯು ಇಂತಹ 13 ಬಗೆಯ ವಂಚಕ ವಿನ್ಯಾಸಗಳನ್ನು ಪಟ್ಟಿಮಾಡಿ ನಿಷೇಧಿಸಿದೆ.

ಕನ್ನಡ ಪುಟಗಳು

ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಪಠ್ಯವು ಮೊಬೈಲ್‌ನಲ್ಲಿ ಅರ್ಥಹೀನ ಚಿಹ್ನೆಗಳಾಗಿ ಕಾಣುತ್ತದೆ. ಇದನ್ನು ತಪ್ಪಿಸಲು ಬರಹವನ್ನೇ ಚಿತ್ರವಾಗಿಸಿದರೆ ಪುಟ ಭಾರವಾಗುತ್ತದೆ; ದೃಷ್ಟಿದೋಷವುಳ್ಳವರು ಬಳಸುವ ಪರದೆವಾಚಕಕ್ಕೂ ಅದು ನಿಲುಕುವುದಿಲ್ಲ. ಕನ್ನಡದ ಜಾಹೀರಾತು ಒತ್ತಿದವರಿಗೆ ಇಂಗ್ಲಿಷ್ ಪುಟ ಎದುರಾಗುವುದೂ ಒಂದು ಬಗೆಯ ವಚನಭಂಗವೇ.

ಶಿರಸಿ, ಸಿದ್ದಾಪುರ, ಯಲ್ಲಾಪುರ

ಉತ್ತರ ಕನ್ನಡ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಬೆಳೆಯುವ ಅಡಿಕೆಗೆ 'ಶಿರಸಿ ಸುಪಾರಿ' ಎಂಬ ಹೆಸರಿನಲ್ಲಿ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಜೇನು, ಜೋನಿಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿಗಳಂತಹ ಉತ್ಪನ್ನಗಳೂ, ತೋಟದ ಮನೆಗಳ ಹೋಂಸ್ಟೇಗಳೂ ದೂರದ ಗ್ರಾಹಕರನ್ನು ಅರಸುತ್ತವೆ. ಬನವಾಸಿ, ಉಂಚಳ್ಳಿ, ಮಾಗೋಡು, ಸಾತೊಡ್ಡಿಗಳಿಗೆ ಬರುವ ಪ್ರವಾಸಿಗರು ದಾರಿಯಲ್ಲಿಯೇ ವಸತಿ ಹುಡುಕುವುದುಂಟು. ಕಾಡು ಕಣಿವೆಗಳ ನಡುವೆ ಮೊಬೈಲ್ ಸಂಪರ್ಕ ದುರ್ಬಲವಾಗಿರುವಲ್ಲಿ, ಜಲಪಾತದ ದೊಡ್ಡ ವೀಡಿಯೊದಿಂದ ಆರಂಭವಾಗುವ ಪುಟ ತೆರೆಯುವುದೇ ಕಷ್ಟ. ಅಂತಹವರಿಗೆ ಮೊದಲು ಬೇಕಾದುದು ದರ, ದೂರ, ಮಳೆಗಾಲದಲ್ಲಿ ರಸ್ತೆಯ ಸ್ಥಿತಿ ಮತ್ತು ಒತ್ತಿದೊಡನೆ ಕರೆಹೋಗುವ ದೂರವಾಣಿ ಸಂಖ್ಯೆ.

ಸುಧಾರಣೆ

ಸಣ್ಣ ಉದ್ಯಮಿಗೆ ವ್ಯರ್ಥ ಕ್ಲಿಕ್‌ಗಳ ಭಾರ ದೊಡ್ಡ ಸಂಸ್ಥೆಗಿಂತ ಬೇಗ ತಟ್ಟುತ್ತದೆ. ಆದ್ದರಿಂದ ಜಾಹೀರಾತಿನ ಮೊತ್ತ ಹೆಚ್ಚಿಸುವ ಮೊದಲು, ಸಾಧಾರಣ ಮೊಬೈಲ್‌ನಲ್ಲಿ, ನಿಧಾನಗತಿಯ ಸಂಪರ್ಕದಲ್ಲಿ ಪುಟವನ್ನು ಪರೀಕ್ಷಿಸುವುದು ಸೂಕ್ತ. ಚಿತ್ರಗಳನ್ನು ಕುಗ್ಗಿಸುವುದು, ಪೂರ್ಣ ಬೆಲೆಯನ್ನು ಆರಂಭದಲ್ಲೇ ತಿಳಿಸುವುದು ಮತ್ತು ಕ್ಲಿಕ್‌ಗಳ ಬದಲು ಬಂದ ಕರೆ, ಬೇಡಿಕೆಗಳನ್ನು ಎಣಿಸುವುದು ಕಡಿಮೆ ಖರ್ಚಿನ ಪರಿಹಾರಗಳು.